ಹೆಸರು ಹಿಡಿದು

ಬೆಳಗಿನಿಂದ ಅಮರನಾಥ ಮೂರು ಸಲ ಬೇಕೆಂದೇ ಕಳೆದುಹೋಗಿದ್ದ. ಮೊದಲನೇ ಸಲ ಮಡಗಾಂವಿನ ಬಸ್‌ಸ್ಟ್ಯಾಂಡಿನಲ್ಲಿ, ಪೇಪರಿನ ಅಂಗಡಿಯ ಹಿಂದೆ ನಿಂತು. ಎರಡನೇ ಸಲ ಸಮುದ್ರಕ್ಕೆ ಇಳಿಯುವ ಓಣಿಯಲ್ಲಿ, ತನಗೆ ಬೇಡದ ಟೋಪಿಯೊಂದನ್ನು ತಿರುಗಿಸಿ ಮುರುಗಿಸಿ ನೋಡುತ್ತ. ಮೂರನೇ ಸಲ ಈಗ, ಮರಳಿನ ಮೇಲೆ ಎಳೆದಿಟ್ಟಿದ್ದ ಮೀನುಗಾರರ ದೋಣಿಯ ಮರೆಯಲ್ಲಿ, ಮೊಳಕಾಲು ಎದೆಗೆ ಒತ್ತಿಕೊಂಡು ಕೂತು. ಹೆಂಡತಿ ತನ್ನನ್ನು ಹುಡುಕಬೇಕು, ಸಿಗದೆ ಗಾಬರಿಯಾಗಬೇಕು, ಗಾಬರಿಯಲ್ಲಿ ಬಾಯಿ ತಪ್ಪಿ 'ಅಮರಾ' ಎಂದು ಕೂಗಿಬಿಡಬೇಕು. ಇಷ್ಟೇ ಅವನ ಹಂಚಿಕೆ. ಮದುವೆಯಾಗಿ ಏಳು ತಿಂಗಳಾಗಿತ್ತು, ಅವಳು ಅವನ ಹೆಸರು ಹಿಡಿದು ಕರೆದು ಒಂದು ದಿನ ಕಡಿಮೆ ಏಳು ತಿಂಗಳು. ಬಿ.ಎಡ್. ಓದುವ, ನಾಳೆ ಮಕ್ಕಳಿಗೆ ಪಾಠ ಹೇಳಬೇಕಾದ ಇಪ್ಪತ್ತಮೂರರ ಗಂಡಸು ದೋಣಿಯ ಹಿಂದೆ ಕಣ್ಣಾಮುಚ್ಚಾಲೆ ಆಡುವುದು ಚೆನ್ನಾಗಿ ಕಾಣುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಮೊದಲ ಸಲ ಅವಳು ನೆಟ್ಟಗೆ ಪೇಪರಿನ ಅಂಗಡಿಗೇ ಬಂದು ಅವನ ಚೀಲದ ಪಟ್ಟಿ ಜಗ್ಗಿದ್ದಳು. ಎರಡನೇ ಸಲ ಓಣಿಯ ನಡುವೆ ಸುಮ್ಮನೆ ನಿಂತುಬಿಟ್ಟಿದ್ದಳು, ತಪ್ಪಿಸಿಕೊಂಡವರು ಬರಲಿ ಎಂಬಂತೆ. ಈ ಸಲ ಗಾಳಿ ಜೋರಾಗಿತ್ತು, ಜನ ಬಹಳ ಇದ್ದರು, ಕೂಗದೆ ಬೇರೆ ದಾರಿಯೇ ಇಲ್ಲ ಎಂದುಕೊಂಡ. ಅವಳು ಫೋನು ಮಾಡಿದಳು. ಜೇಬಿನಲ್ಲಿ ಗಂಟೆ ಬಾರಿಸುತ್ತ ದೋಣಿಯ ಮರೆಯಿಂದ ಅವನೇ ಎದ್ದು ಹೊರಗೆ ಬಂದ.

'ಕಾಲು ನೋವಾದುವೇನ್ರಿ?' ಎಂದು ಅವಳು ಕೇಳಿದಳು. ಅವನು ಹೂಂ ಅಂದ. ಅವಳ ಕೈಯಲ್ಲಿದ್ದ ಫೋನಿನ ಮೇಲೆ ಅವನ ನಂಬರು 'ಅವರು' ಎಂಬ ಹೆಸರಿನಲ್ಲಿ ಇನ್ನೂ ಬೆಳಗುತ್ತಿತ್ತು. ಹೋದ ವರ್ಷದವರೆಗೆ ಅದೇ ನಂಬರು 'ಅಮರ್ ಬಿಎಸ್ಸಿ' ಆಗಿತ್ತು. ತೆಲುಗು ಸೀಮೆಯ ಜಹೀರಾಬಾದಿನ ಕಾಲೇಜಿನಲ್ಲಿ ಮೂರು ವರ್ಷ ಅವನು ಅಮರನೇ ಆಗಿದ್ದ. ಅವಳು ನಾರಾಯಣಖೇಡದ ಕಡೆಯಿಂದ, ಅವನು ನ್ಯಾಲ್ಕಲ್‌ನಿಂದ, ಇಬ್ಬರೂ ಬಸ್ಸು ತಡವಾದ ಕಾರಣಕ್ಕೇ ಹಿಂದಿನ ಬೆಂಚು ಸೇರಿದವರು. ಮೇಷ್ಟ್ರ ಹತ್ತಿರ ತೆಲುಗು, ಬಸ್ಸಿನಲ್ಲಿ ದಖನಿ ಉರ್ದು, ತಮ್ಮತಮ್ಮಲ್ಲಿ ಕನ್ನಡ. ಪ್ರಯೋಗಶಾಲೆಯ ಆ ತುದಿಯಿಂದ 'ಏ ಅಮರ, ನನ್ನ ರೆಕಾರ್ಡ್ ಎಲ್ಲಿಟ್ಟಿ?' ಎಂದು ಅವಳು ಕೂಗಿದರೆ ಮೂವತ್ತು ಜನ ತಿರುಗಿ ನೋಡುತ್ತಿದ್ದರು, ಅವಳಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಆ ಹೆಸರನ್ನು ಅವಳು ನಡುವೆ ಒಂದಿಷ್ಟು ಎಳೆಯುತ್ತಿದ್ದಳು. ಅಪ್ಪ ಅವ್ವ ಯಾರೂ ಹಾಗೆ ಎಳೆಯುತ್ತಿರಲಿಲ್ಲ. ಹಾಗೆ ಕರೆಸಿಕೊಂಡಾಗ ಮಾತ್ರ ತಾನು ಇದ್ದೇನೆ ಎಂದು ಅವನಿಗೆ ಅನಿಸುತ್ತಿತ್ತು. ಹೇಳಿದರೆ ನಗುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ಆಮೇಲೆ ಅವನ ಸೂರ್ಯಕಾಂತ ಕಾಕಾನ ಕಡೆಯಿಂದ ಎರಡು ಮನೆಗೂ ದೂರದ ಸಂಬಂಧ ಗೊತ್ತಾಯಿತು, ಮಾತುಕತೆ ಆಯಿತು, ಮದುವೆ ಆಯಿತು. ಗೆಳತಿಯೇ ಹೆಂಡತಿಯಾಗಿ ಬರುತ್ತಾಳೆಂದು ಅವನು ನೆಲದ ಮೇಲೆ ಕಾಲೂರದೆ ಓಡಾಡಿದ. ಹೆಂಡತಿ ಬಂದಳು, ಗೆಳತಿ ಬರಲಿಲ್ಲ.

ಆದದ್ದು ಇಷ್ಟೇ. ಮದುವೆಯ ಮರುದಿನ ಬೆಳಿಗ್ಗೆ ಅವಳು ಬಚ್ಚಲಿನಿಂದ 'ಅಮರ, ಟವೆಲ್ ಕೊಡು' ಎಂದು ಕೂಗಿದಳು, ಪ್ರಯೋಗಶಾಲೆಯ ಅದೇ ದನಿಯಲ್ಲಿ. ಪಡಸಾಲೆಯಲ್ಲಿ ಬೀಗರು, ನೆಂಟರು, ಚಹಾದ ಕಪ್ಪು. ಅಜ್ಜಿ ಸುಗಲಾಬಾಯಿ ಕಪ್ಪು ಕೆಳಗಿಟ್ಟು, ಬಚ್ಚಲಿನ ಬಾಗಿಲ ಕಡೆ ಮುಖ ಮಾಡಿ, ಸಿಟ್ಟಿಲ್ಲದೆ, ತಿಳಿಹೇಳುವ ದನಿಯಲ್ಲೇ, 'ಗಂಡನ ಹೆಸರು ಹಿಡಿಬಾರ್ದು ತಂಗಿ, ಅವನ ಆಯುಷ್ಯ ಕಮ್ಮಿ ಆಗ್ತದ' ಅಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗು ಈಗಲೂ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಂತಿತ್ತು. ಒಂದು ಮಾತು ಆಡಬಹುದಿತ್ತು, 'ಕರೀಲಿ ಬಿಡಜ್ಜಿ' ಎನ್ನಬಹುದಿತ್ತು, ಅಜ್ಜಿ ಏನೂ ಹುಲಿಯಲ್ಲ. ಆದರೆ ನೆಂಟರ ನಡುವೆ ಹೊಸ ಮದುಮಗ ಹೆಂಡತಿಯ ಪರ ವಹಿಸಿ ಮಾತಾಡಿದರೆ ಏನೆಂದುಕೊಂಡಾರು ಎಂಬ ಹೆದರಿಕೆಗೆ ನಗುವೇ ಸಲೀಸಾಯಿತು. ಬಚ್ಚಲಿನ ಒಳಗೆ ನೀರಿನ ಸದ್ದು ನಿಂತಿತು. ಟವೆಲನ್ನು ಅವ್ವ ಕೊಟ್ಟಳು. ಅವತ್ತಿನಿಂದ ಅವನು ರೀ ಆದ, ಕೇಳ್ರಿ ಆದ, ಇವರು ಆದ. ತಮ್ಮ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಯಾರೂ ಇಲ್ಲವಲ್ಲ, ಈಗ ಅನ್ನು ಎಂದು ಎಷ್ಟೋ ಸಲ ಕೇಳಿದ. 'ರೂಢಿ ಆಗಿಬಿಟ್ಟದ್ರಿ, ಬಿಡ್ರಿ ಅತ್ಲಾಗ' ಎಂದು ಅವಳು ಮಗ್ಗುಲು ತಿರುಗುತ್ತಿದ್ದಳು. ಗೋಡೆಗಳಿಗೆ ಕಿವಿ ಇರುವ ಮನೆಯಲ್ಲಿ ಆಗದ ಕೆಲಸ ದೊಡ್ಡ ನೀರಿನ ಮುಂದೆ ಆದೀತು ಎಂದೇ ಅವನು ಈ ಪ್ರವಾಸ ಹೂಡಿದ್ದು. ಟ್ಯೂಷನ್ನಿನ ದುಡ್ಡು ಕೂಡಿಟ್ಟು, ತಾಂಡೂರಿನಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು, ಬಸ್ಸಿನಲ್ಲಿ ಘಾಟಿನ ತಿರುವಿಗೆಲ್ಲ ಹೊಟ್ಟೆ ಹಿಡಿದುಕೊಂಡು, ಇಲ್ಲಿಯವರೆಗೆ ಬಂದದ್ದು ಮೂರು ಅಕ್ಷರ ಕೇಳಿಸಿಕೊಳ್ಳುವುದಕ್ಕೆ. ಅವಳಿಗೆ ಮಾತ್ರ ಸಮುದ್ರ ನೋಡೋಣ ಎಂದಷ್ಟೇ ಹೇಳಿದ್ದ.

ಅವಳು ಸಮುದ್ರವನ್ನೇ ನೋಡುತ್ತಿದ್ದಳು. ಕಡಲ ದಂಡೆಯ ಈ ಭಾಗವೆಲ್ಲ ದೊಡ್ಡ ಹೋಟೆಲುಗಳ ಮುಂದಿನ ಅಂಗಳದಂತಿತ್ತು. ತೆಂಗಿನ ಮರಗಳಿಗೆ ಬಿಳಿ ಹಗ್ಗ ಕಟ್ಟಿ ಒಳಗೆ ಹುಲ್ಲುಹಾಸು, ಹಗ್ಗದಾಚೆ ಮರಳಿನ ಮೇಲೂ ಹೋಟೆಲಿನವರದೇ ಹಾಸುಗುರ್ಚಿಗಳು, ಛತ್ರಿಗಳು, ಅವುಗಳ ಕೆಳಗೆ ಕಣ್ಣಿನ ಮೇಲೆ ಟೊಪ್ಪಿಗೆ ಮುಚ್ಚಿಕೊಂಡು ಮಲಗಿದ ಜನ. ನೀರು ಎಲ್ಲರದು, ಮರಳು ಎಲ್ಲರದು, ಕುರ್ಚಿ ಮಾತ್ರ ಅವರದು ಎಂದು ಕಾಲೇಜಿನ ಸುಮನ್ ಮೊದಲೇ ತಿಳಿಸಿದ್ದ. ಆದರೂ ಅವಳು ಖಾಲಿ ಕುರ್ಚಿಯೊಂದರ ತುದಿಗೆ ಕೂತು ಚಪ್ಪಲಿಯ ಮರಳು ಕೊಡವುತ್ತಿದ್ದಾಗ ಬಿಳಿ ಅಂಗಿಯವನೊಬ್ಬ ಬಂದು, ಬಹಳ ನಯವಾಗಿ, ಇದು ಗೆಸ್ಟುಗಳಿಗೆ ಮೇಡಂ ಅಂದ. ಬೈದಿದ್ದರೆ ಒಳ್ಳೆಯದಿತ್ತು, ಬೈಗುಳಕ್ಕೆ ಉತ್ತರ ಕೊಡಬಹುದು. ಅವಳು ಸಾರಿ ಎಂದು ಎದ್ದಳು, ಸ್ವಲ್ಪ ಆಚೆ ಹೋಗಿ ಚೀಲದಿಂದ ಸೊಲ್ಲಾಪುರದ ಚಾದರ ತೆಗೆದು ಹಾಸಿದಳು, ಬುತ್ತಿ ಬಿಚ್ಚಿದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ. ರೊಟ್ಟಿ ಮುರಿಯುವ ಟಪ್ ಟಪ್ ಸದ್ದು ಛತ್ರಿಯವರೆಗೂ ಕೇಳುತ್ತದೇನೋ ಎಂದು ಅವನಿಗೆ ಕಿವಿ ಬಿಸಿಯಾಯಿತು. ಮೆಲ್ಲಗೆ ಮುರಿ ಎಂದು ಹೇಳಬೇಕೆನಿಸಿತು, ಹೇಳಬೇಕೆನಿಸಿದ್ದಕ್ಕೆ ನಾಚಿಕೆಯಾಯಿತು, ಎರಡನ್ನೂ ಉಳ್ಳಾಗಡ್ಡಿಯ ಜೊತೆ ನುಂಗಿದ. ಅವಳು ತುತ್ತು ಕೈಯಲ್ಲೇ ಹಿಡಿದು ಬಹಳ ಹೊತ್ತು ನೀರು ನೋಡಿ, ಇಷ್ಟೊಂದು ನೀರು ಮಾಡಿಟ್ಟು ಒಂದು ಹೊಲಕ್ಕೂ ಬಾರದ ಹಾಗೆ ಉಪ್ಪು ಹಾಕಿಬಿಟ್ಟಾನಲ್ಲ ದೇವರು ಅಂದಳು. ಅವಳ ಹುಬ್ಬಿನ ಮೇಲೆ ಹಿಂಡಿಯ ಪುಡಿ ಹತ್ತಿತ್ತು. ಎಷ್ಟು ಚೆಂದ ಇದ್ದಾಳೆ ಎಂದುಕೊಂಡ. ಹಾಗೆ ಅಂದುಕೊಂಡಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಬರುತ್ತಿತ್ತು: ಇಷ್ಟು ಚೆಂದ ಇದ್ದವಳಿಗೆ ನನ್ನ ಹೆಸರು ಹಿಡಿಯಲು ಬಾಯಿ ಇಲ್ಲ.

ಊಟವಾದ ಮೇಲೆ ಅವಳು ಸುಮ್ಮನಾದಳು. ಅಲೆ ಕಾಲಿಗೆ ತಾಗಿದರೂ ನಗಲಿಲ್ಲ. ತಾನು ಬೆಳಗಿನಿಂದ ಆಡಿದ ಆಟ ಗೊತ್ತಾಯಿತೋ ಏನೋ ಎಂದು ಅವನು ಒಳಗೊಳಗೇ ಕುದಿಯತೊಡಗಿದ. ಸಿಟ್ಟಾದಳೋ, ಬೇಜಾರಾದಳೋ, ತೌರಿನ ನೆನಪೋ. ಅರ್ಧ ತಾಸು ಹೀಗೆ ಕುದ್ದು, 'ಏ, ಏನಾತು ನಿನಗ?' ಎಂದು ಕೇಳಿದಾಗ ಅವಳು ಕಣ್ಣು ತಗ್ಗಿಸಿ, ಓಣಿಯ ಶೌಚಾಲಯಕ್ಕೆ ಬೀಗ ಬಿದ್ದಿದೆ, ಆಗಲೇ ನೋಡಿ ಬಂದೆ, ಇನ್ನು ತಡೆಯುವುದಕ್ಕೆ ಆಗುವುದಿಲ್ಲ ಎಂದು ಹೇಳಿದಳು. ಅವನು ಅಷ್ಟು ಹೊತ್ತು ತನ್ನ ಹೆಸರಿನ ಸುತ್ತ ಗಾಣ ಸುತ್ತುತ್ತಿದ್ದ, ಅವಳು ಪಾಪ ಹೊಟ್ಟೆ ಬಿಗಿಹಿಡಿದು ಕೂತಿದ್ದಳು. ಚಾದರ ಸುತ್ತಿ ಬಗಲಿಗೆ ಹಾಕಿಕೊಂಡು ಅವನು ಹತ್ತಿರದ ಹೋಟೆಲಿನ ಹಗ್ಗದ ಬಾಗಿಲಿಗೆ ನಡೆದ. ಅಲ್ಲಿ ನಿಂತಿದ್ದ ಮೀಸೆಯ ಕಾವಲುಗಾರ, ಒಳಗಿರುವುದು ಗೆಸ್ಟುಗಳಿಗೆ ಮಾತ್ರ ಅಂದ. ನಾವೂ ಗೆಸ್ಟುಗಳೇ, ಚಹಾ ಕುಡಿಯುವುದಕ್ಕೆ ಬಂದಿದ್ದೇವೆ ಎಂದು ಅಮರನಾಥ ತನ್ನ ದಖನಿಯನ್ನು ಆದಷ್ಟು ಹಿಂದಿ ಮಾಡಿ ಹೇಳಿದ. ಕಾವಲುಗಾರ ಅವನ ಮುಖ ನೋಡಲಿಲ್ಲ, ಚಪ್ಪಲಿ ನೋಡಿದ, ಬಗಲಿನ ಚಾದರ ನೋಡಿದ. ಕೊನೆಗೆ ಅವಳ ಮುಖ ನೋಡಿ ಏನನ್ನಿಸಿತೋ, ಮೇಡಂ ಹೋಗಲಿ, ಅಲ್ಲಿ ಮೇಜಿನ ಹತ್ತಿರ ಹೆಸರು ಬರೆಸಲಿ, ನೀವು ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬನ್ನಿ ಅಂದ.

ನಲ್ಲಿಯ ಹತ್ತಿರ ಅವನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಎಡಚಪ್ಪಲಿಯ ಉಂಗುಟ ಕಿತ್ತುಬಂದು ಪಿನ್ನು ಚುಚ್ಚಿದ್ದ, ಅದು ಹೋಟೆಲಿನ ಹೊಳೆಯುವ ಕಲ್ಲುನೆಲದ ಮೇಲೆ ಕಾಣದಂತೆ ಹೇಗೆ ನಡೆಯುವುದು ಎಂದು ಯೋಚಿಸುತ್ತಿದ್ದ. ತಲೆಯೆತ್ತಿದಾಗ ಅವಳು ಇನ್ನೂ ಮೇಜಿನ ಮುಂದೆಯೇ ನಿಂತಿದ್ದಳು. ಮೇಜಿನ ಹಿಂದಿನ ಹುಡುಗಿ ಪೆನ್ನು ಹಿಡಿದು ಏನೋ ಕೇಳುತ್ತಿದ್ದಳು, ಇವಳು ತಲೆ ತಗ್ಗಿಸಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಪಕ್ಕದಲ್ಲಿ ತಟ್ಟೆ ಹಿಡಿದ ಮಾಣಿಯೊಬ್ಬ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನು ಹತ್ತಿರ ಬಂದದ್ದೇ ಆ ಹುಡುಗಿ, ಸರ್, ಟೇಬಲ್ ಯಾರ ಹೆಸರಿನಲ್ಲಿ ಎಂದು ಕೇಳಿದರೆ ಮೇಡಂ ನಿಮ್ಮ ಕಡೆ ಕೈ ತೋರಿಸುತ್ತಾರೆ, ನಿಮ್ಮ ಹೆಸರು ಕೇಳಿದರೆ ಸುಮ್ಮನಾಗುತ್ತಾರೆ, ನಿಮ್ಮವರೇ ತಾನೇ ಎಂದಳು. ಕೊನೆಯ ಮಾತಿಗೆ ಅವಳ ತುಟಿಯ ತುದಿ ಸ್ವಲ್ಪ ಅಲುಗಿತು. ಮಾಣಿ ತಟ್ಟೆಯ ಕಡೆ ನೋಡಿ ನಕ್ಕ. ಅಮರನಾಥನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಜೊತೆಗೆ ಬಂದವನ ಹೆಸರು ಗೊತ್ತಿಲ್ಲದ ಹುಡುಗಿಯನ್ನು ಇವರು ಏನೆಂದುಕೊಳ್ಳುತ್ತಾರೆ ಎಂಬುದು ತಿಳಿದಾಗ ಅವನ ಮೈಯೆಲ್ಲ ಉರಿಯಿತು. ಗಂಡನಾದ್ದರಿಂದಲೇ ಹೆಸರು ಹೇಳದೆ ನಿಂತವಳು ಇವರ ಕಣ್ಣಿಗೆ ಗಂಡನಲ್ಲದವನ ಜೊತೆ ಬಂದವಳಾಗಿದ್ದಳು. ಆದರೆ ಉರಿ ಹೋಗಿ ಬಡಿದದ್ದು ಅವರಿಗಲ್ಲ, ಅವಳಿಗೆ. ಕನ್ನಡ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಹಲ್ಲು ಕಚ್ಚಿ, 'ನನ್ನ ಹೆಸರು ಹೇಳಿದ್ರ ನಿಂದೇನ್ ಗಂಟು ಹೋಗ್ತಿತ್ತು? ಇಲ್ಲೂ ನಮ್ಮ ಅಜ್ಜಿ ಬಂದು ಕುಂತಾಳೇನು?' ಅಂದ.

'ನಾಲಿಗಿ ಏಳಲಿಲ್ರಿ' ಅಂದಳು ಅವಳು. ಅಷ್ಟೇ. ಕಣ್ಣಲ್ಲಿ ನೀರಿತ್ತು, ಅದು ತಡೆದುಕೊಂಡ ಹೊಟ್ಟೆಯದೋ, ಮಾಣಿಯ ನಗುವಿನದೋ, ಅವನ ಮಾತಿನದೋ, ಹೇಳಲು ಬರುವಂತಿರಲಿಲ್ಲ.

ಅವನು ಪೆನ್ನಿನ ಹುಡುಗಿಯ ಕಡೆ ತಿರುಗಿ, ಅಮರನಾಥ, ಈಕೆ ನನ್ನ ಹೆಂಡತಿ, ಮದುವೆಯಾಗಿ ಏಳು ತಿಂಗಳು ಎಂದು ಕೇಳಿದ್ದಕ್ಕಿಂತ ಹೆಚ್ಚು ಹೇಳಿದ. ಹುಡುಗಿ ಬರೆದುಕೊಂಡಳು. ಇಬ್ಬರದೂ ಬೇಕು ಸರ್, ಮೇಡಂ ಹೆಸರು, ಎಂದು ಅವನನ್ನೇ ನೋಡುತ್ತ ಕೇಳಿದಳು. ಅವನು ಬಾಯಿ ತೆರೆದ. ಬಾಯಿಯಲ್ಲಿ ಏನೂ ಇರಲಿಲ್ಲ. 'ಇಕಿ' ಅಂದ, 'ನಮ್ಮ ಮನಿಯಾಕಿ' ಅಂದ, ಆಮೇಲೆ ಹಿಂದಿಯಲ್ಲಿ ಮತ್ತೊಮ್ಮೆ ಹೆಂಡತಿ ಅಂದ. ಹೆಸರು ಸರ್, ಎಂದಳು ಹುಡುಗಿ. ಹೆಸರು ಗೊತ್ತಿಲ್ಲವೆಂದಲ್ಲ. ಗಂಟಲಿನವರೆಗೆ ಬರುತ್ತಿತ್ತು, ಅಲ್ಲಿಂದ ಮೇಲೆ ಹತ್ತುವ ದಾರಿಯೇ ಮುಚ್ಚಿಹೋದಂತಿತ್ತು, ಹುಲ್ಲು ಬೆಳೆದ ಕಾಲುದಾರಿಯಂತೆ. ಆಗ, ಆ ಮೇಜಿನ ಮುಂದೆ, ಪಿನ್ನು ಚುಚ್ಚಿದ ಚಪ್ಪಲಿಯಲ್ಲಿ ನಿಂತು, ತಾನೂ ಏಳು ತಿಂಗಳಿಂದ ಅವಳ ಹೆಸರು ಹಿಡಿದಿಲ್ಲ ಎಂದು ಅವನಿಗೆ ಹೊಳೆಯಿತು. ಏ ಅಂದಿದ್ದ, ನೋಡಿಲ್ಲಿ ಅಂದಿದ್ದ, ಎಲ್ಲಿದ್ದಿ ಅಂದಿದ್ದ, ಅವ್ವನ ಮುಂದೆ ಇಕಿ ಅಂದಿದ್ದ, ಗೆಳೆಯರ ಮುಂದೆ ನಮ್ಮ ಮನೆಯಲ್ಲಿ ಅಂದಿದ್ದ. ಅವನ ಫೋನಿನಲ್ಲಿ ಅವಳ ನಂಬರು 'ಮನಿ' ಎಂದು ಇತ್ತು. ಮದುವೆಯ ದಿನ ಹೊಸ್ತಿಲಲ್ಲಿ ಹೆಣ್ಣುಮಕ್ಕಳು ಅಡ್ಡ ನಿಂತು ಒಡಪು ಹಾಕದೆ ಒಳಗೆ ಬಿಡುವುದಿಲ್ಲ ಎಂದಾಗ ಅವಳು ನೂರು ಜನರ ಮುಂದೆ ಜೋಳದ ತೆನೆ, ಮಂಜೀರಾ ಹೊಳೆ ಎಲ್ಲವನ್ನೂ ಕೂಡಿಸಿ ಪ್ರಾಸ ಕಟ್ಟಿ ಅವನ ಹೆಸರು ಹೇಳಿದ್ದಳು, ಗಟ್ಟಿಯಾಗಿ. ನೀನೂ ಹೇಳೋ ಎಂದು ಯಾರೋ ಅಂದರು. ಅವನು ಪೇಟ ಸರಿಮಾಡಿಕೊಳ್ಳುತ್ತ ಜಾರಿಕೊಂಡಿದ್ದ, ಗಂಡಸರನ್ನು ಯಾರೂ ಹೆಚ್ಚು ಒತ್ತಾಯ ಮಾಡುವುದಿಲ್ಲ. ಅವಳಿಗಾದರೂ ಅಜ್ಜಿ ಬೇಡವೆಂದು ಹೇಳಿದ್ದಳು. ಅವನಿಗೆ ಯಾರೂ ಹೇಳಿರಲಿಲ್ಲ. ಹೆಂಡತಿಯ ಹೆಸರು ಹಿಡಿದರೆ ಅವಳ ಆಯುಷ್ಯ ಕಡಿಮೆಯಾಗುತ್ತದೆ ಎಂದು ನ್ಯಾಲ್ಕಲ್‌ನಲ್ಲಿ ಯಾರಿಗೂ ಚಿಂತೆಯಿರಲಿಲ್ಲ. ತಾನಾಗಿಯೇ ಬಿಟ್ಟಿದ್ದ, ಬಿಟ್ಟದ್ದು ಗೊತ್ತಾಗದಷ್ಟು ಸಲೀಸಾಗಿ.

ಪೆನ್ನು ಕಾಯುತ್ತಿತ್ತು. ಅವಳು ತಲೆಯೆತ್ತಿ ಅವನನ್ನು ನೋಡುತ್ತಿದ್ದಳು, ಒದ್ದಾಟವನ್ನೂ ಮರೆತು, ಉಸಿರು ಹಿಡಿದು. ಕಾಲೇಜಿನಲ್ಲಿ ಫಲಿತಾಂಶದ ಹಾಳೆ ಅಂಟಿಸುವಾಗ ಹೀಗೆ ನಿಲ್ಲುತ್ತಿದ್ದಳು.

'ಮಾಧುರಿ' ಅಂದ ಅವನು.

ದನಿ ಒಡೆದು ಬಂತು, ಹುಡುಗಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದಳು. 'ಮಾಧುರಿ' ಎಂದು ಮತ್ತೆ ಹೇಳಿದ. ಅವಳ ಮುಖದಲ್ಲಿ ಏನೋ ಆಯಿತು, ಅದನ್ನು ಅವನು ಪೂರ್ತಿ ನೋಡುವ ಮೊದಲೇ ಅವಳು ಶೌಚಾಲಯದ ಕಡೆ ಹೆಚ್ಚುಕಡಿಮೆ ಓಡಿದಳು. ಮಾಣಿ ಈಗ ನಗುತ್ತಿರಲಿಲ್ಲ. ಅಥವಾ ನಗುತ್ತಿದ್ದನೋ ಏನೋ, ಅಮರನಾಥ ಆ ಕಡೆ ನೋಡಲೇ ಇಲ್ಲ.

ಆಡಿದ ಮಾತಿಗೆ ಒಂದು ಚಹಾ ಕುಡಿಯಲೇಬೇಕಿತ್ತು. ಪಟ್ಟಿ ನೋಡಿ, ಇಬ್ಬರಿಗೆ ಸೇರಿ ಒಂದೇ ತರಿಸಿದರು. ಬಿಸಿನೀರು ಬೇರೆ, ಹಾಲು ಬೇರೆ, ದಾರ ಕಟ್ಟಿದ ಪುಡಿಯ ಚೀಲ ಬೇರೆ ಬಂತು. ಅವಳು ಪ್ರಯೋಗಶಾಲೆಯ ಶಿಸ್ತಿನಿಂದ ಎಲ್ಲವನ್ನೂ ಬೆರೆಸಿ, ಅರ್ಧ ಕಪ್ಪಿನಲ್ಲಿ ಅರ್ಧ ಬಸಿಯಲ್ಲಿ ಹಾಕಿ, ಕಪ್ಪನ್ನು ಅವನ ಕಡೆ ನೂಕಿದಳು. ಅವನು ಕಪ್ಪನ್ನು ಅವಳ ಕಡೆ ತಿರುಗಿಸಿ ಬಸಿ ತೆಗೆದುಕೊಂಡ. ಕುಡಿದಾದ ಮೇಲೆ ಹಗ್ಗ ದಾಟಿ ಹೊರಗೆ ಬಂದು, ಕುರ್ಚಿಗಳೆಲ್ಲ ಮುಗಿಯುವವರೆಗೆ ನಡೆದು, ಯಾರದೂ ಅಲ್ಲದ ಮರಳಿನ ಮೇಲೆ ಮತ್ತೆ ಚಾದರ ಹಾಸಿದರು. ಹೊತ್ತು ಇಳಿದಿತ್ತು. ಕ್ಷಮಿಸು ಎನ್ನಬೇಕು ಎಂದುಕೊಂಡ, ಆ ಮಾತು ಸಿನಿಮಾದವರ ಮಾತಿನಂತೆ ಕಂಡಿತು. ಬೆಳಗಿನಿಂದ ತಾನು ಅಡಗಿ ಕೂತದ್ದನ್ನೆಲ್ಲ ಹೇಳಿಬಿಟ್ಟ, ಪೇಪರಿನ ಅಂಗಡಿ, ಟೋಪಿ, ದೋಣಿ. ಗೊತ್ತಿತ್ತು ಎಂದಳು ಅವಳು. ನಿನಗೂ ನನ್ನ ಬಾಯಲ್ಲಿ ನಿನ್ನ ಹೆಸರು ಕೇಳಬೇಕು ಅನಿಸುತ್ತಿತ್ತೇ ಎಂದು ಅವನು ಕೇಳಿದ.

ಅವಳು ಮರಳನ್ನು ಮುಷ್ಟಿಯಲ್ಲಿ ತುಂಬಿ ತುಂಬಿ ಬಿಟ್ಟಳು. 'ನಮ್ಮವ್ವ ಫೋನ್ ಮಾಡಿದಾಗ ನಾ ಸ್ಪೀಕರ್ ಹಾಕ್ತೀನಲ್ರಿ, ನಿಮ್ಮವ್ವಾರು ಬೈತಾರ, ಊರಿಗೆಲ್ಲ ಕೇಳಿಸ್ತಾಳ ಅಂತ. ನಮ್ಮವ್ವ ಮಾತಿಗೊಮ್ಮೆ ಮಾಧುರಿ, ಮಾಧುರಿ ಅಂತಾಳ. ಆ ಮನಿಯಾಗ ಒಬ್ಬರರ ಅಂದಂಗ ಆಗ್ಲಿ ಅಂತ ಹಾಕ್ತೀನಿ.' ಇದನ್ನು ದೂರಿನಂತೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದೇನೆ ಎಂದು ಹೇಳುವವಳಂತೆ ಹೇಳಿದಳು. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ, ಗಾಳಿಗೆ ಮರಳು ಬಿತ್ತು ಎಂಬಂತೆ ಕಣ್ಣು ಉಜ್ಜಿದ. ಅವಳ ಸಣ್ಣ ಆಸೆ ಅವಳ ಜೊತೆ ಒಂದೇ ಕೋಣೆಯಲ್ಲಿ ಇಷ್ಟು ದಿನ ಇತ್ತು, ಅವನು ತನ್ನದನ್ನೇ ಎತ್ತಿಕೊಂಡು ತಿರುಗಿದ್ದ. ಇನ್ನು ತನ್ನ ಹೆಸರಿಗಾಗಿ ಅವಳನ್ನು ಕೇಳಬಾರದು ಎಂದು ನಿಶ್ಚಯಿಸಿದ. ಹಠದಿಂದಲ್ಲ. ಕೇಳುವ ಮುಖ ಉಳಿದಿರಲಿಲ್ಲ, ಮತ್ತು ವಿಚಿತ್ರವೆಂದರೆ ಅದರ ಹಸಿವೂ ಅಷ್ಟಾಗಿ ಉಳಿದಿರಲಿಲ್ಲ. ಅವಳ ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ಕೂರುವುದೇ ಹಿತವಾಗಿತ್ತು. ಮನೆಗೆ ಹೋದ ಮೇಲೆ ಪಡಸಾಲೆಯಲ್ಲಿ, ಅಜ್ಜಿಯ ಮುಂದೆ, ಅಪ್ಪನ ಮುಂದೆ, ಚಹಾ ಕೇಳುವಾಗ, ಬಸ್ಸಿಗೆ ಹೊರಡುವಾಗ ಅದನ್ನು ಅನ್ನಬೇಕು, ಒಂದು ದಿನ ನಗುತ್ತಾರೆ, ಎರಡು ದಿನ ನಗುತ್ತಾರೆ. ಒಳಗೇ ಒಮ್ಮೆ ಅಂದು ನೋಡಿಕೊಂಡ. ಈಗ ದಾರಿ ಅಷ್ಟು ಕಷ್ಟವಿರಲಿಲ್ಲ.

ಸೂರ್ಯ ನೀರಿಗೆ ಮುಟ್ಟುವಷ್ಟರಲ್ಲಿ ಬಿಳಿ ಅಂಗಿಯವರು ಛತ್ರಿಗಳನ್ನು ಮಡಚತೊಡಗಿದರು. ಮಡಗಾಂವಿಗೆ ಹೋಗುವ ಆರೂವರೆಯ ಬಸ್ಸು ಓಣಿಯ ತುದಿಯಲ್ಲಿ ನಿಲ್ಲುತ್ತಿತ್ತು, ತಪ್ಪಿದರೆ ಮುಂದಿನದಕ್ಕೆ ಒಂದು ತಾಸು ಕಾಯಬೇಕು. ಅವನು ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡ.

'ಮಾಧುರಿ, ಬಸ್ಸಿಗಿ ಹೊತ್ತಾತು' ಅಂದ.

ಅವಳು ಏಳಲಿಲ್ಲ. ಮೊಳಕಾಲ ಮೇಲೆ ಗದ್ದ ಊರಿ ನೀರನ್ನೇ ನೋಡುತ್ತ, ಅವನ ಕಡೆ ತಿರುಗದೆ, 'ಹೋದ್ರ ಹೋಗ್ಲಿ ಅಮರ, ಮುಂದಿನ ಬಸ್ಸಿಗಿ ಹೋಗಮು' ಅಂದಳು.

ಅವನು ಮತ್ತೆ ಕೂತ.